ಆಟಗಾರನ ಕರಾರು: ಆಶ್ರಯ, ನೌಕರಿ, ಹರಾಜು



ಟೊಮೆಟೊ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಗೆ ಹೋಗಿ ನೋಡಿ. ಸಾಲಾಗಿ ಜೋಡಿಸಿದ ಕ್ರೇಟುಗಳ ಮುಂದೆ ನಿಂತು ದರ ಕೂಗುತ್ತಾರೆ, ಖರೀದಿದಾರರು ಏರಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ರೈತನ ತಿಂಗಳುಗಟ್ಟಲೆ ದುಡಿಮೆಯ ಬೆಲೆ ನಿರ್ಧಾರವಾಗಿಬಿಡುತ್ತದೆ. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ ಮಾರುಕಟ್ಟೆಯಲ್ಲೂ ಇದೇ ನೋಟ. ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿ ವ್ಯವಹಾರದ ರೀತಿ ಬೇರೆ. ಅಲ್ಲಿ ಎಷ್ಟೋ ತೋಟಗಳು ಮರ ಹೂ ಬಿಟ್ಟಾಗಲೇ ವ್ಯಾಪಾರಿಯ ಕೈಗೆ ಗುತ್ತಿಗೆಗೆ ಹೋಗುತ್ತವೆ. ಪೂರ್ತಿ ಹಣ ಕೊಟ್ಟು ಗುತ್ತಿಗೆ ಹಿಡಿದ ಮೇಲೆ ಆಲಿಕಲ್ಲು ಬಿದ್ದು ಹೀಚು ಉದುರಿದರೆ ನಷ್ಟ ವ್ಯಾಪಾರಿಯದು, ಫಸಲು ಮೈತುಂಬಿ ಬಂದರೆ ಲಾಭವೂ ಅವನದೇ. ಇನ್ನು ಮಾಲೂರು ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಊರು. ಇಟ್ಟಿಗೆ ಗೂಡು ಯಾವ ಊರಿನದಾದರೂ ಮುಂಗಡ ಎಂಬ ಪದ್ಧತಿಯನ್ನು ನೀವು ಕೇಳಿಯೇ ಇರುತ್ತೀರಿ. ಮುಂಗಡ ಪಡೆದವನು ಅದು ತೀರುವ ತನಕ ಬೇರೆ ಕಡೆ ಹೋಗುವಂತಿಲ್ಲ.

ಮೂರೂ ಕರಾರುಗಳೇ. ಆದರೆ ಮೂರೂ ಒಂದೇ ಅಲ್ಲ. ಅವುಗಳ ವ್ಯತ್ಯಾಸ ತಿಳಿಯಬೇಕಾದರೆ ಎರಡು ಪ್ರಶ್ನೆಗಳನ್ನು ಕೇಳಬೇಕು. ಆಲಿಕಲ್ಲು ಬಿದ್ದರೆ ನಷ್ಟ ಯಾರಿಗೆ? "ಒಲ್ಲೆ" ಎಂದು ಎದ್ದು ಹೋಗುವ ಹಕ್ಕು ಯಾರಿಗಿದೆ?

ಆಟದ ಋತು ಮುಗಿದು ಮುಂದಿನ ಋತು ಆರಂಭವಾಗುವವರೆಗಿನ ಬಿಡುವಿನಲ್ಲಿ ಪತ್ರಿಕೆಗಳ ಕ್ರೀಡಾ ಪುಟ ಖಾಲಿ ಇರುವುದಿಲ್ಲ. ಯಾವ ಆಟಗಾರ ಯಾವ ತಂಡಕ್ಕೆ ಹೋದ, ಎಷ್ಟು ಕೋಟಿಗೆ ಹೋದ, ಯಾವ ತರಬೇತುದಾರನನ್ನು ಕೈಬಿಟ್ಟು ಯಾರನ್ನು ತಂದರು ಎಂಬ ಸುದ್ದಿಗಳು ಪಂದ್ಯದ ವರದಿಗಿಂತ ಹೆಚ್ಚು ಜಾಗ ಹಿಡಿಯುತ್ತವೆ. ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯಮಾನವೇ? ನಮ್ಮ ನಾಡಿನಲ್ಲಿ ಆಟಗಾರನಿಗೂ ಅವನನ್ನು ಆಡಿಸುವವರಿಗೂ ನಡುವಿನ ಒಪ್ಪಂದ ಹೇಗೆ ಬೆಳೆದು ಬಂತು? ಮೇಲಿನ ಎರಡು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಇತಿಹಾಸವನ್ನು ನೋಡೋಣ.

ಅರಮನೆಯ ಆಶ್ರಯ

ಹಳೆಯ ಮೈಸೂರಿನಲ್ಲಿ ದೇಹಬಲವನ್ನೇ ವೃತ್ತಿಯಾಗಿ ಉಳ್ಳವರೆಂದರೆ ಜಟ್ಟಿಗಳು. ದಸರಾ ಕಾಲದಲ್ಲಿ ಅರಮನೆಯ ಆವರಣದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿ ಮನೆತನದವರು ಬರುವುದು ಸಂಪ್ರದಾಯ. ದೊರೆಯ ಆಶ್ರಯ, ಸನ್ಮಾನ, ಇನಾಮುಗಳೇ ಅವರ ಸಂಬಳ. ಊರೂರುಗಳ ಗರಡಿಮನೆಗಳಲ್ಲಿ ಪೈಲ್ವಾನರನ್ನು ತಯಾರು ಮಾಡುತ್ತಿದ್ದ ಉಸ್ತಾದರಿಗೂ ಊರಿನ ಸಿರಿವಂತರ, ದೈವಸ್ಥರ ನೆರವೇ ಆಧಾರ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಉಸ್ತಾದನೇ ಅಂದಿನ ತರಬೇತುದಾರ.

ಈ ವ್ಯವಸ್ಥೆಯಲ್ಲಿ ಬರಹದ ಕರಾರು ಇರಲಿಲ್ಲ. ಧಣಿಯ ಮನಸ್ಸೇ ಕರಾರು. ಗಾಯಗೊಂಡ ಪೈಲ್ವಾನನನ್ನು ಧಣಿ ಸಾಕಿದರೆ ಅದು ಅವನ ಔದಾರ್ಯ, ಕೈಬಿಟ್ಟರೆ ಕೇಳುವವರಿಲ್ಲ. ಆಶ್ರಯದಲ್ಲಿ ಗೌರವವಿತ್ತು, ಹಕ್ಕು ಇರಲಿಲ್ಲ.

ಕಲ್ಕತ್ತೆಯ ಕರೆ

ಇಪ್ಪತ್ತನೆಯ ಶತಮಾನದಲ್ಲಿ ಚಿತ್ರ ಬದಲಾಯಿತು. ದಂಡು ಪ್ರದೇಶದ ಸೋಲ್ಜರುಗಳಿಂದ ಕಲಿತ ಕಾಲ್ಚೆಂಡಾಟ ಬೆಂಗಳೂರಿನ ಪೇಟೆ ಬೀದಿಗಳಲ್ಲಿ ಬೇರೂರಿತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದುವರೆಗೆ ಬ್ರಿಟಿಷ್ ಸೈನ್ಯದ ತುಕಡಿಗಳ ಸೊತ್ತಿನಂತಿದ್ದ ಆ ಕಪ್ಪು ಭಾರತೀಯ ತಂಡವೊಂದರ ಕೈಗೆ ಬಂದದ್ದು ಅದೇ ಮೊದಲು. ಮರುವರ್ಷವೂ ಅದೇ ತಂಡ ಗೆದ್ದಿತು. 1946-47ರಲ್ಲಿ ಮೈಸೂರು ರಾಜ್ಯ ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಪಡೆಯಿತು.

ಹೀಗೆ ಹೆಸರು ಮಾಡಿದ ನಮ್ಮ ಆಟಗಾರರ ಮೇಲೆ ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳ ಕಣ್ಣು ಬಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿದ ಬೆಂಗಳೂರಿನ ಅಹಮದ್ ಖಾನ್ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹಮದ್ ಖಾನ್, ಈ ಐವರು ಮುಂಪಡೆ ಆಟಗಾರರನ್ನು ಕಲ್ಕತ್ತೆಯ ಜನ ಪಂಚಪಾಂಡವರೆಂದು ಕರೆದರು. 1949, 1950, 1951, ಸತತ ಮೂರು ವರ್ಷ ಐ.ಎಫ್.ಎ. ಶೀಲ್ಡ್ ಈಸ್ಟ್ ಬೆಂಗಾಲಿಗೆ ದಕ್ಕಿತು. ಐವರೂ ದಕ್ಷಿಣ ಭಾರತದವರೆಂಬುದನ್ನು ಗಮನಿಸಬೇಕು. ಮುಂದೆ ಬೆಂಗಳೂರಿನ ಅರುಮೈನಾಯಗಂ ಕಲ್ಕತ್ತೆಯ ಇನ್ನೊಂದು ದೊಡ್ಡ ಕ್ಲಬ್ಬಾದ ಮೋಹನ್ ಬಾಗಾನಿಗೆ ಆಡಿದರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅವರಿದ್ದರು.

ಕಲ್ಕತ್ತೆಯಲ್ಲಿ ಪ್ರತಿವರ್ಷ ಋತು ಆರಂಭವಾಗುವ ಮುನ್ನ ಆಟಗಾರರು ಫುಟ್‌ಬಾಲ್ ಸಂಸ್ಥೆಯ ಕಚೇರಿಗೆ ಬಂದು ಯಾವ ಕ್ಲಬ್ಬಿಗೆ ಆಡುತ್ತೇವೆಂದು ಸಹಿ ಹಾಕಬೇಕಿತ್ತು. ಇದಕ್ಕೆ ಬಂಗಾಳಿಗಳು ಕೊಟ್ಟ ಹೆಸರು "ದಲ್‌ಬದಲ್", ಅಂದರೆ ತಂಡ ಬದಲಾವಣೆ. ಎದುರಾಳಿ ಕ್ಲಬ್ಬಿನವರು ಆಟಗಾರನನ್ನು ಹಾರಿಸಿಕೊಂಡು ಹೋಗದಿರಲೆಂದು ಸಹಿ ಆಗುವವರೆಗೆ ಅವನನ್ನು ಯಾರದೋ ಮನೆಯಲ್ಲಿ ಬಚ್ಚಿಡುತ್ತಿದ್ದುದೂ ಉಂಟು. ಕಚೇರಿಯ ಮುಂದೆ ಸಾವಿರಾರು ಅಭಿಮಾನಿಗಳು ನೆರೆಯುತ್ತಿದ್ದರು. ಇಷ್ಟೆಲ್ಲ ನಡೆಯುತ್ತಿದ್ದರೂ ಕಾಗದದ ಮೇಲೆ ಆಟಗಾರರು ಹವ್ಯಾಸಿಗಳೇ! ಹಣ ಕೈಯಿಂದ ಕೈಗೆ ದಾಟುತ್ತಿತ್ತು, ದಾಖಲೆಯಲ್ಲಿ ಕಾಣುತ್ತಿರಲಿಲ್ಲ. ದಾಖಲೆಯಲ್ಲಿ ಇಲ್ಲದ ಹಣಕ್ಕೆ ನ್ಯಾಯಾಲಯದ ರಕ್ಷಣೆಯೂ ಇಲ್ಲ. ಕ್ಲಬ್ಬು ಬಾಕಿ ಉಳಿಸಿಕೊಂಡರೆ ಆಟಗಾರ ಯಾರನ್ನು ಕೇಳಬೇಕು?

ನೇಮಕಾತಿ ಪತ್ರವೇ ಕರಾರು

ಇದೇ ಹೊತ್ತಿಗೆ ಬೆಂಗಳೂರಿನಲ್ಲಿ ಬೇರೊಂದು ದಾರಿ ತೆರೆಯುತ್ತಿತ್ತು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಅಂದರೆ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್., 1964ರಲ್ಲಿ ಬಿ.ಇ.ಎಂ.ಎಲ್., ಹೀಗೆ ಸಾರ್ವಜನಿಕ ಉದ್ಯಮಗಳು ಒಂದಾದ ಮೇಲೊಂದು ಬಂದವು. ಕಾರ್ಖಾನೆಗೆ ತನ್ನದೇ ತಂಡ ಬೇಕು, ತಂಡಕ್ಕೆ ಆಟಗಾರರು ಬೇಕು. ಆಟ ಬಲ್ಲ ಹುಡುಗನಿಗೆ ಕೆಲಸ ಸಿಗತೊಡಗಿತು. ಬೆಳಿಗ್ಗೆ ಅಭ್ಯಾಸ, ಆಮೇಲೆ ಕೆಲಸ. ಪಂದ್ಯಾವಳಿ ಬಂದಾಗ ರಜೆ. ತಿಂಗಳ ಕೊನೆಗೆ ಸಂಬಳ, ವಯಸ್ಸಾದ ಮೇಲೆ ನಿವೃತ್ತಿಯ ಸೌಲಭ್ಯ.

ನಮ್ಮ ಜಿಲ್ಲೆಯ ಉದಾಹರಣೆಯನ್ನೇ ನೋಡಿ. 1940ರಲ್ಲಿ ಕೋಲಾರದಲ್ಲಿ ಹುಟ್ಟಿದ ಕೆನೆತ್ ಲಾರೆನ್ಸ್ ಪೊವೆಲ್ ಎಂಬ ಓಟಗಾರ ಬೆಂಗಳೂರಿಗೆ ಹೋಗಿ ಐ.ಟಿ.ಐ.ಯಲ್ಲಿ ಕೆಲಸಕ್ಕೆ ಸೇರಿದರು. 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಅವರಿದ್ದ 4x100 ಮೀಟರ್ ರಿಲೇ ತಂಡ ಸೆಮಿಫೈನಲ್ ತಲುಪಿತು. 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಅದೇ ರಿಲೇಯಲ್ಲಿ ಕಂಚು. 2022ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ನೂರು ಮೀಟರ್ ಓಟ ಮುಗಿಯುವುದು ಹನ್ನೊಂದು ಸೆಕೆಂಡಿನೊಳಗೆ. ಓಟಗಾರನ ವೇಗ ಉಳಿಯುವುದು ಹತ್ತು ಹನ್ನೆರಡು ವರ್ಷ. ಉಳಿದ ನಲವತ್ತು ಐವತ್ತು ವರ್ಷಗಳ ಬದುಕಿಗೆ ಏನು ಮಾಡಬೇಕು? ಕೋಲಾರದಿಂದ ಬೆಂಗಳೂರಿಗೆ ಸುಮಾರು ಎಪ್ಪತ್ತು ಕಿಲೋಮೀಟರ್ ದಾರಿ. ಆ ದಾರಿಯನ್ನು ಹಿಡಿದ ತರುಣರಿಗೆ ಕಾರ್ಖಾನೆಯ ನೇಮಕಾತಿ ಪತ್ರವೇ ಈ ಪ್ರಶ್ನೆಗೆ ಉತ್ತರವಾಗಿತ್ತು.

ಬ್ಯಾಂಕುಗಳೂ ರೈಲ್ವೆಯೂ ಇದೇ ಕೆಲಸ ಮಾಡಿದವು. ಜಿ.ಆರ್. ವಿಶ್ವನಾಥ್ ಸ್ಟೇಟ್ ಬ್ಯಾಂಕಿನ ಉದ್ಯೋಗಿ. 1976ರಲ್ಲಿ ಭಾರತ ಮಹಿಳಾ ತಂಡವನ್ನು ಅದರ ಮೊದಲ ಟೆಸ್ಟ್ ಪಂದ್ಯದಲ್ಲಿ ಮುನ್ನಡೆಸಿದ ಶಾಂತಾ ರಂಗಸ್ವಾಮಿ ಕೆನರಾ ಬ್ಯಾಂಕಿನಲ್ಲಿದ್ದರು. ಮಹಿಳಾ ಕ್ರಿಕೆಟ್ಟಿನಿಂದ ಹಣ ಬರುವ ಕಾಲ ಅದಲ್ಲ. ಬ್ಯಾಂಕಿನ ಕೆಲಸವಿದ್ದುದರಿಂದ ಆಟ ಉಳಿಯಿತು. ವಿಜಾಪುರದ ರಾಜೇಶ್ವರಿ ಗಾಯಕವಾಡರಂಥ ಅನಂತರದ ಪೀಳಿಗೆಯ ಆಟಗಾರ್ತಿಯರಿಗೆ ರೈಲ್ವೆ ಆಸರೆಯಾಯಿತು.

ಈ ವ್ಯವಸ್ಥೆ ಎಂಥ ಆಟವನ್ನು ಬೆಳೆಸಬಲ್ಲುದೆಂಬುದಕ್ಕೆ 1977ರ ಒಂದು ಪಂದ್ಯವೇ ಸಾಕ್ಷಿ. ಆ ವರ್ಷ ಕೇರಳದ ಎರ್ನಾಕುಲಂನಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ನಡೆಯಿತು. ಅಂತಿಮ ಪಂದ್ಯದಲ್ಲಿ ಒಂದು ಕಡೆ ಮೋಹನ್ ಬಾಗಾನ್. ಅದರ ತರಬೇತುದಾರ ಪಿ.ಕೆ. ಬ್ಯಾನರ್ಜಿ, ಹಿಂದಿನ ವರ್ಷವಷ್ಟೇ ಎದುರಾಳಿ ಈಸ್ಟ್ ಬೆಂಗಾಲಿನಿಂದ ಬಂದವರು. ಇನ್ನೊಂದು ಕಡೆ ಬೆಂಗಳೂರಿನ ಐ.ಟಿ.ಐ., ದೂರವಾಣಿ ತಯಾರಿಸುವ ಕಾರ್ಖಾನೆಯ ತಂಡ. ಐ.ಟಿ.ಐ. 1-0 ಗೋಲಿನಿಂದ ಗೆದ್ದಿತು. ಅದೇ ವರ್ಷ ಸೆಪ್ಟೆಂಬರ್ 24ರಂದು ಇದೇ ಮೋಹನ್ ಬಾಗಾನ್ ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮಾಸ್ ತಂಡದೊಂದಿಗೆ 2-2ರ ಸಮ ಮಾಡಿಕೊಂಡಿತೆಂಬುದನ್ನು ನೆನೆದರೆ ಆ ಗೆಲುವಿನ ತೂಕ ತಿಳಿಯುತ್ತದೆ.

ನೌಕರಿಯ ವ್ಯವಸ್ಥೆಯಲ್ಲಿ ಆಲಿಕಲ್ಲಿನ ನಷ್ಟ ಕಾರ್ಖಾನೆಯದು. ಆಟಗಾರನ ಮೊಣಕಾಲು ಮುರಿದರೂ ಮೇಜು, ಕುರ್ಚಿ, ಸಂಬಳ ಉಳಿಯುತ್ತಿದ್ದವು. ಆದರೆ ಎರಡನೆಯ ಪ್ರಶ್ನೆ? ಬೇರೆ ತಂಡಕ್ಕೆ ಹೋಗಬೇಕೆಂದರೆ ಕೆಲಸವನ್ನೇ ಬಿಡಬೇಕು. ಆದ್ದರಿಂದ ಎಷ್ಟೋ ಪ್ರತಿಭಾವಂತರು ಇದ್ದಲ್ಲೇ ಉಳಿದರು. ಇನ್ನೊಂದು ಮಾತನ್ನೂ ಮರೆಯಬಾರದು. ಕಾರ್ಖಾನೆ ಶಾಶ್ವತವಲ್ಲ. ನಮ್ಮ ಜಿಲ್ಲೆಯದೇ ಆದ ಕೋಲಾರ ಚಿನ್ನದ ಗಣಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಸಾವಿರಾರು ಕುಟುಂಬಗಳಿಗೆ ಅನ್ನವಾಗಿತ್ತು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಉದ್ಯಮ ಮುಚ್ಚಿದಾಗ ಸಂಬಳದ ಜೊತೆಗೆ ಅದರ ನೆರಳಿನಲ್ಲಿ ಬೆಳೆದ ಆಟವೂ ಸೊರಗುತ್ತದೆ.

ಹೊರಜಗತ್ತಿನ ಮೂವರು

"ಒಲ್ಲೆ" ಎನ್ನುವ ಹಕ್ಕಿಗಾಗಿ ಹೊರದೇಶಗಳಲ್ಲಿ ದೊಡ್ಡ ಹೋರಾಟಗಳೇ ನಡೆದಿವೆ. ಅಮೆರಿಕದ ಬೇಸ್‌ಬಾಲಿನಲ್ಲಿ 1879ರಿಂದಲೂ ಒಂದು ನಿಯಮ ಬೇರೂರಿತ್ತು: ಅವಧಿ ಮುಗಿದರೂ ಆಟಗಾರ ಅದೇ ಕ್ಲಬ್ಬಿನ ಸೊತ್ತು. ಕ್ಲಬ್ಬು ಬೇಕಾದರೆ ಇಟ್ಟುಕೊಳ್ಳಬಹುದು, ಬೇಕಾದರೆ ಮಾರಬಹುದು. ಆಟಗಾರ ಮಾತ್ರ ತಾನಾಗಿ ಹೋಗುವಂತಿಲ್ಲ. ಇದು ಇಟ್ಟಿಗೆ ಗೂಡಿನ ಮುಂಗಡಕ್ಕಿಂತಲೂ ಬಿಗಿಯಾದ ಕಟ್ಟು. ಮುಂಗಡವಾದರೂ ಒಂದು ದಿನ ತೀರುತ್ತದೆ, ಇದು ತೀರುವಂಥದಲ್ಲ. 1969ರಲ್ಲಿ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರನನ್ನು ಸೇಂಟ್ ಲೂಯಿಸ್ ತಂಡ ಫಿಲಡೆಲ್ಫಿಯಾಕ್ಕೆ ಕೊಟ್ಟುಬಿಟ್ಟಿತು. ಅವನು ಹೋಗಲು ಒಪ್ಪದೆ ನ್ಯಾಯಾಲಯಕ್ಕೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟು 5-3 ಮತಗಳಿಂದ ಅವನ ವಿರುದ್ಧ ತೀರ್ಪು ನೀಡಿತು. ಅವನ ಆಟದ ಬದುಕು ಅಷ್ಟರಲ್ಲಿ ಮುಗಿದಿತ್ತು. ಆದರೆ ಮೂರೇ ವರ್ಷಗಳಲ್ಲಿ, 1975ರ ಡಿಸೆಂಬರಿನಲ್ಲಿ, ಮಧ್ಯಸ್ಥಗಾರರ ತೀರ್ಮಾನವೊಂದು ಆ ನಿಯಮವನ್ನು ಮುರಿಯಿತು.

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಟಗಾರನ ವಾರದ ಸಂಬಳ 20 ಪೌಂಡ್ ಮೀರಬಾರದೆಂಬ ಮಿತಿ ಇತ್ತು. ಆಟಗಾರರ ಸಂಘ ಮುಷ್ಕರದ ಎಚ್ಚರಿಕೆ ಕೊಟ್ಟ ಮೇಲೆ 1961ರಲ್ಲಿ ಅದು ರದ್ದಾಯಿತು. 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ ನ್ಯೂಕ್ಯಾಸಲ್ ಕ್ಲಬ್ಬಿನ ವಿರುದ್ಧ ಮೊಕದ್ದಮೆಯಲ್ಲಿ ಗೆದ್ದ. ಬೆಲ್ಜಿಯಂ ದೇಶದ ಜಾನ್ ಮಾರ್ಕ್ ಬೋಸ್ಮನ್ ಎಂಬ ಸಾಧಾರಣ ಆಟಗಾರನದು ಮೂರನೆಯ ಕಥೆ. 1990ರಲ್ಲಿ ಅವನ ಕರಾರು ಮುಗಿಯಿತು. ಆದರೂ ವರ್ಗಾವಣೆಯ ಹಣ ಬರದೆ ಕ್ಲಬ್ಬು ಅವನನ್ನು ಬಿಡಲಿಲ್ಲ. ಐದು ವರ್ಷಗಳ ವ್ಯಾಜ್ಯದ ನಂತರ 1995ರ ಡಿಸೆಂಬರ್ 15ರಂದು ಐರೋಪ್ಯ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು: ಕರಾರು ಮುಗಿದ ಆಟಗಾರ ಐರೋಪ್ಯ ಒಕ್ಕೂಟದೊಳಗೆ ಹಣದ ತಡೆಯಿಲ್ಲದೆ ಬೇರೆ ದೇಶದ ಕ್ಲಬ್ಬಿಗೆ ಹೋಗಬಹುದು.

ಫ್ಲಡ್‌ಗೂ ಬೋಸ್ಮನ್‌ಗೂ ತಮ್ಮ ಹೋರಾಟದ ಹಣ್ಣು ತಿನ್ನುವ ಯೋಗ ಬರಲಿಲ್ಲ. ಅವರು ನೆಟ್ಟ ಮರದ ಫಲ ಉಂಡವರು ಮುಂದಿನವರು.

ಭಾರತದಲ್ಲೂ ಒಂದು ಪ್ರಸಂಗ ನಡೆದಿತ್ತು. 1952ರಲ್ಲಿ ಇಂಗ್ಲೆಂಡಿನ ಹ್ಯಾಸ್ಲಿಂಗ್‌ಡನ್ ಎಂಬ ಲೀಗ್ ಕ್ಲಬ್ಬು ಕ್ರಿಕೆಟಿಗ ವಿನೂ ಮಂಕಡರಿಗೆ ವೃತ್ತಿಪರನಾಗಿ ಬರಲು ಆಹ್ವಾನ ಕೊಟ್ಟಿತು. ಅದೇ ವರ್ಷ ಭಾರತ ತಂಡದ ಇಂಗ್ಲೆಂಡ್ ಪ್ರವಾಸವೂ ಇತ್ತು. ತಮ್ಮ ಆಯ್ಕೆ ಖಚಿತವೇ ಎಂದು ಮಂಕಡ್ ಕೇಳಿದರು, ಭರವಸೆ ಸಿಗಲಿಲ್ಲ, ಅವರು ಕ್ಲಬ್ಬಿನೊಡನೆ ಕರಾರು ಮಾಡಿಕೊಂಡರು. ಮೊದಲ ಟೆಸ್ಟ್ ಸೋತ ಮೇಲೆ ಮಂಡಳಿಯೇ ಕ್ಲಬ್ಬನ್ನು ಕೇಳಿಕೊಂಡು ಅವರನ್ನು ಬಿಡಿಸಿಕೊಂಡು ಬರಬೇಕಾಯಿತು. ಲಾರ್ಡ್ಸ್ ಟೆಸ್ಟಿನಲ್ಲಿ ಅವರು 72 ಮತ್ತು 184 ರನ್ ಹೊಡೆದರು, ಐದು ವಿಕೆಟ್ ಪಡೆದರು. ಲಿಖಿತ ಕರಾರು ಯಾರ ಬಳಿ ಇತ್ತೋ ಅವರ ಮಾತಿಗೆ ಅಂದು ಬೆಲೆ ಬಂತು.

ಹರಾಜಿನ ಕಾಲ

2008ರ ಫೆಬ್ರುವರಿ 20ರಂದು ಮುಂಬಯಿಯಲ್ಲಿ ಇಂಡಿಯನ್ ಪ್ರೀಮಿಯರ್ ಲೀಗಿನ ಮೊದಲ ಹರಾಜು ನಡೆಯಿತು. ಮಹೇಂದ್ರ ಸಿಂಗ್ ಧೋನಿಯವರನ್ನು ಚೆನ್ನೈ ತಂಡ 15 ಲಕ್ಷ ಡಾಲರಿಗೆ ಕೊಂಡಿತು. ಬೆಂಗಳೂರಿನ ರಾಹುಲ್ ದ್ರಾವಿಡರನ್ನು "ಐಕಾನ್" ಆಟಗಾರರೆಂದು ಹರಾಜಿನಿಂದ ಹೊರಗಿಟ್ಟು ತವರಿನ ತಂಡಕ್ಕೇ ಕೊಟ್ಟರು. 2014ರ ಜುಲೈನಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. ಆ ಮೊದಲ ವರ್ಷದ ಹರಾಜಿನ ಅತಿ ದೊಡ್ಡ ಬೆಲೆ, ರಾಕೇಶ್ ಕುಮಾರ್ ಅವರಿಗೆ ಸಂದ 12.80 ಲಕ್ಷ ರೂಪಾಯಿ. ಎಂಟು ವರ್ಷಗಳಲ್ಲಿ ಅದು ಎರಡು ಕೋಟಿ ದಾಟಿತು. ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಆಡುವ ಆಟಕ್ಕೆ ಇಂಥ ಬೆಲೆ ಬರುವುದೆಂದು ಯಾರು ತಾನೆ ಎಣಿಸಿದ್ದರು? 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗೂ ಬಂತು. ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡಿರದ ಕರ್ನಾಟಕದ ವೃಂದಾ ದಿನೇಶ್ ಅವರನ್ನು ಅದೇ ವರ್ಷದ ಡಿಸೆಂಬರಿನ ಹರಾಜಿನಲ್ಲಿ 1.3 ಕೋಟಿ ರೂಪಾಯಿಗೆ ಕೊಂಡರು. ಹಣ ಬಂದದ್ದು ಒಳ್ಳೆಯದೇ. ದಾಖಲೆಯಲ್ಲಿ ಬಂದದ್ದು ಇನ್ನೂ ಒಳ್ಳೆಯದು.

ಈಗ ನಮ್ಮ ಎರಡು ಪ್ರಶ್ನೆಗಳಿಗೆ ಮರಳೋಣ. ಪವನ್ ಸೆಹ್ರಾವತ್ ಬೆಂಗಳೂರು ಬುಲ್ಸ್ ತಂಡದಲ್ಲಿ ಹೆಸರು ಮಾಡಿದ ಆಟಗಾರ. ಬುಲ್ಸ್ ಪ್ರಶಸ್ತಿ ಗೆದ್ದ ಆರನೆಯ ಆವೃತ್ತಿಯ ಅಂತಿಮ ಪಂದ್ಯದಲ್ಲಿ ಅವರೊಬ್ಬರೇ 22 ಅಂಕ ತಂದರು. 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ಅವರನ್ನು 2.26 ಕೋಟಿ ರೂಪಾಯಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಬಿತ್ತು. ಇಡೀ ಋತು ಹೊರಗೆ ಕೂರಬೇಕಾಯಿತು. ಮರುವರ್ಷ ತೆಲುಗು ಟೈಟನ್ಸ್ 2.605 ಕೋಟಿ ಕೊಟ್ಟು ಅವರನ್ನು ಪಡೆದದ್ದು ಅವರ ಶಕ್ತಿ, ಅವರ ಅದೃಷ್ಟ. ಆದರೆ 10 ಲಕ್ಷಕ್ಕೆ ಹೋದ ಹುಡುಗನಿಗೆ ಅದೇ ಪೆಟ್ಟು ಬಿದ್ದರೆ ಮರುವರ್ಷ ಕೂಗುವವರು ಇರುತ್ತಾರೆಯೇ? ಕೃಷ್ಣಪ್ಪ ಗೌತಮ್ ಅವರನ್ನು 2021ರಲ್ಲಿ 20 ಲಕ್ಷದ ಮೂಲಬೆಲೆಯಿಂದ ಏರಿಸಿ ಚೆನ್ನೈ ತಂಡ 9.25 ಕೋಟಿಗೆ ಕೊಂಡಿತು. ಆ ವರ್ಷ ಅವರಿಗೆ ಒಂದೂ ಪಂದ್ಯ ಆಡಲು ಅವಕಾಶ ಸಿಗಲಿಲ್ಲ. ಬೆಲೆ ಬರುವುದು ಬೇರೆ, ಆಟ ದೊರೆಯುವುದು ಬೇರೆ.

ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ಬಿಗಿ. ಹರಾಜಿಗೆ ಹೆಸರು ಕೊಟ್ಟ ಆಟಗಾರ ತಂಡವನ್ನು ಆರಿಸಿಕೊಳ್ಳುವಂತಿಲ್ಲ, ತಂಡ ಅವನನ್ನು ಆರಿಸುತ್ತದೆ. 2009ರಲ್ಲಿ ಬೆಂಗಳೂರು ತಂಡದ ಪರ ಶತಕ ಹೊಡೆದು, ಐ.ಪಿ.ಎಲ್.ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯರೆನಿಸಿದ ಮನೀಶ್ ಪಾಂಡೆಯವರನ್ನು 2011ರಲ್ಲಿ ನಾಲ್ಕು ಪಂದ್ಯಗಳಿಂದ ಅಮಾನತು ಮಾಡಿದರು. ನಿಯಮ ಮೀರಿ ಇನ್ನೊಂದು ತಂಡದೊಡನೆ ಮಾತುಕತೆಗೆ ಇಳಿದರೆಂಬುದು ಆರೋಪ. 2024ರಲ್ಲಿ ಬಂದ ನಿಯಮದಂತೆ, ಹರಾಜಿನಲ್ಲಿ ಮಾರಾಟವಾದ ಆಟಗಾರ ಗಾಯದಂಥ ಕಾರಣವಿಲ್ಲದೆ ಹಿಂದೆ ಸರಿದರೆ ಎರಡು ವರ್ಷ ನಿಷೇಧ. ತಂಡ ಹಣ ಹೂಡಿ ಯೋಜನೆ ಮಾಡಿಕೊಂಡಿರುತ್ತದೆ, ಅದಕ್ಕೂ ಭದ್ರತೆ ಬೇಡವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಅದೇ ತಂಡ ಋತು ಮುಗಿದೊಡನೆ ಆಟಗಾರನನ್ನು ಕೈಬಿಡಬಹುದೆಂಬುದನ್ನೂ ಜೊತೆಗಿಟ್ಟು ನೋಡಬೇಕು. ಟೊಮೆಟೊ ಕ್ರೇಟು ತನ್ನನ್ನು ಯಾರು ಕೊಳ್ಳಬೇಕೆಂದು ಹೇಳಲಾರದು. ಆಟಗಾರ ಮನುಷ್ಯ, ಅವನಿಗೆ ಹೇಳುವುದಿರುತ್ತದೆ.

ಗುರುವಿನ ಕರಾರು

ಆಟಗಾರನಿಗಿಂತಲೂ ಅಸ್ಥಿರವಾದದ್ದು ತರಬೇತುದಾರನ ಕುರ್ಚಿ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಅವರನ್ನು ನೇಮಿಸಿಕೊಂಡಿತು. ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿ, 2016ರಲ್ಲಿ ಮತ್ತೊಮ್ಮೆ. ಆ ವರ್ಷವೇ ಅವರು ಹೊರಟರು. ಅವರ ಜಾಗಕ್ಕೆ ಬಂದ ಸ್ಪೇನಿನ ಆಲ್ಬರ್ಟ್ ರೋಕಾ ಕೈಕೆಳಗೆ ತಂಡ ಅದೇ ನವೆಂಬರಿನಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ಆಡಿತು. ಭಾರತದ ಕ್ಲಬ್ಬೊಂದು ಆ ಹಂತ ತಲುಪಿದ್ದು ಅದೇ ಮೊದಲು.

ಬೆಂಗಳೂರಿನವರೇ ಆದ ಅನಿಲ್ ಕುಂಬ್ಳೆ 2016ರ ಜೂನಿನಲ್ಲಿ ಭಾರತ ಕ್ರಿಕೆಟ್ ತಂಡದ ತರಬೇತುದಾರರಾದರು. ಬಂದಿದ್ದ ಅರ್ಜಿಗಳು 57, ಕರಾರಿನ ಅವಧಿ ಒಂದು ವರ್ಷ. ಅವರ ಕಾಲದಲ್ಲಿ ತಂಡ 17 ಟೆಸ್ಟುಗಳಲ್ಲಿ 12ನ್ನು ಗೆದ್ದಿತು, ಒಂದನ್ನು ಮಾತ್ರ ಸೋತಿತು. ಹಾಗಿದ್ದರೂ ನಾಯಕನೊಡನೆ ಹೊಂದಾಣಿಕೆ ಸಾಧ್ಯವಾಗದೆ 2017ರ ಜೂನ್ 20ರಂದು ರಾಜೀನಾಮೆ ಕೊಟ್ಟರು. ಗರಡಿಯಲ್ಲಿ ಉಸ್ತಾದನ ಮಾತು ಮೀರಿದ ಪೈಲ್ವಾನ ಹೊರಗೆ ಹೋಗಬೇಕಿತ್ತು. ಇಂದಿನ ಕರಾರಿನಲ್ಲಿ ಹೊರಗೆ ಹೋಗುವವರು ಬಹುಮಟ್ಟಿಗೆ ಉಸ್ತಾದರೇ. ಕಬಡ್ಡಿಯಲ್ಲಿ ಕರ್ನಾಟಕದ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡವನ್ನೂ, 2024ರಲ್ಲಿ ಪುಣೇರಿ ಪಲ್ಟನ್ ತಂಡವನ್ನೂ ಚಾಂಪಿಯನ್ ಮಾಡಿ 2025ರಲ್ಲಿ ಬೆಂಗಳೂರು ಬುಲ್ಸಿನ ಮುಖ್ಯ ತರಬೇತುದಾರರಾದರು. ಗುರುವೂ ಇಂದು ಊರಿಂದ ಊರಿಗೆ ಹೋಗುವ ವೃತ್ತಿಪರ.

ಹೋಗಿ ಬಂದವನ ಪಾಠ

ಒಬ್ಬ ಆಟಗಾರನ ಕಥೆ ಹೇಳಿ ಈ ಭಾಗ ಮುಗಿಸುತ್ತೇನೆ. 2016ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ವಿರುದ್ಧ ಚೆನ್ನೈನಲ್ಲಿ ಅಜೇಯ 303 ರನ್ ಹೊಡೆದ ಕರುಣ್ ನಾಯರ್ ಕೆಲವೇ ವರ್ಷಗಳಲ್ಲಿ ಕರ್ನಾಟಕ ತಂಡದಲ್ಲೂ ಸ್ಥಾನ ಕಳೆದುಕೊಂಡರು. ರಣಜಿ ಪಂದ್ಯಾವಳಿಯಲ್ಲಿ ಆಟಗಾರ ತನ್ನ ಮೂಲ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಪಡೆದು ಬೇರೆ ರಾಜ್ಯಕ್ಕೆ ಆಡಬಹುದು. ನಾಯರ್ 2023-24ರಲ್ಲಿ ವಿದರ್ಭಕ್ಕೆ ಹೋದರು. 2024-25ರಲ್ಲಿ ವಿದರ್ಭ ರಣಜಿ ಟ್ರೋಫಿ ಗೆದ್ದಾಗ ಅಂತಿಮ ಪಂದ್ಯದಲ್ಲಿ ಅವರು 86 ಮತ್ತು 135 ರನ್ ಗಳಿಸಿದರು. 2025ರಲ್ಲಿ ಮತ್ತೆ ಭಾರತ ತಂಡಕ್ಕೂ, 2025-26ರ ಋತುವಿಗೆ ಮತ್ತೆ ಕರ್ನಾಟಕಕ್ಕೂ ಬಂದರು. ಬಾಗಿಲು ಮುಚ್ಚಿದಾಗ ಇನ್ನೊಂದು ಬಾಗಿಲು ತಟ್ಟಲು ಒಂದು ಕಾಗದ ನೆರವಾಯಿತು. ಆ ಹಕ್ಕು ಇಲ್ಲದಿದ್ದರೆ ಈ ಮರಳುವಿಕೆಯ ಕಥೆಯೇ ಇರುತ್ತಿರಲಿಲ್ಲ.

ಆಶ್ರಯ ಗೌರವ ಕೊಟ್ಟಿತು, ಹಕ್ಕು ಕೊಡಲಿಲ್ಲ. ನೌಕರಿ ಭದ್ರತೆ ಕೊಟ್ಟಿತು, ಚಲನೆಯನ್ನು ಕಡಿಮೆ ಮಾಡಿತು. ಹರಾಜು ಹಣ ಕೊಟ್ಟಿತು, ಭದ್ರತೆಯನ್ನು ಆಟಗಾರನ ಮೊಣಕಾಲಿಗೇ ಬಿಟ್ಟಿತು. ಒಂದು ಬಂದಾಗ ಹಿಂದಿನದು ಪೂರ್ತಿ ಮಾಯವಾಗಲಿಲ್ಲ ಎಂಬುದೂ ನೆನಪಿರಲಿ. ಲೀಗಿನಲ್ಲಿ ಹರಾಜಾಗುವ ಎಷ್ಟೋ ಕಬಡ್ಡಿ ಪಟುಗಳು ಇಂದಿಗೂ ರೈಲ್ವೆ, ಪೊಲೀಸ್, ಸೇನೆಯ ನೌಕರರೇ. ಎರಡು ದೋಣಿಯಲ್ಲಿ ಕಾಲಿಟ್ಟಿದ್ದಾರೆಂದು ಅವರನ್ನು ಹಳಿಯಬೇಕಾಗಿಲ್ಲ. ಒಂದು ದೋಣಿ ತೂತಾದರೆ ಇನ್ನೊಂದಿರಲಿ ಎಂಬ ಎಚ್ಚರ ಅದು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶಾಲಾ ಮೈದಾನಗಳಲ್ಲಿ ಇಂದು ಸಂಜೆಯೂ ಯಾರೋ ಓಡುತ್ತಿರುತ್ತಾರೆ, ಯಾರೋ ಕಬಡ್ಡಿ ಆಡುತ್ತಿರುತ್ತಾರೆ. ಅವರಲ್ಲೊಬ್ಬರ ಮನೆಗೆ ನಾಳೆ ಒಂದು ಕಾಗದ ಬರಬಹುದು. ಆ ಕಾಗದ ಬಂದಾಗ ಮೊದಲು ಕಣ್ಣಿಗೆ ಬೀಳುವುದು ರೂಪಾಯಿಯ ಅಂಕಿ. ಅದನ್ನು ಕೊನೆಗೆ ಓದಿ. ಅವಧಿ ಎಷ್ಟು ವರ್ಷ? ಅದನ್ನು ಮುಂದುವರಿಸುವ ಅಧಿಕಾರ ಯಾರದು? ಗಾಯವಾದರೆ ಚಿಕಿತ್ಸೆಯ ಖರ್ಚು, ಸಂಬಳ ಯಾರ ಮೇಲೆ? ಬಿಡುಗಡೆ ಬೇಕಾದರೆ ಯಾರನ್ನು ಕೇಳಬೇಕು? ಓದು ಮುಂದುವರಿಸಲು ಅವಕಾಶವಿದೆಯೇ? ಇವಿಷ್ಟನ್ನು ಮೊದಲು ಓದಿ. ಅರ್ಥವಾಗದಿದ್ದರೆ ಬಲ್ಲವರನ್ನು ಕೇಳಿ, ಆಮೇಲೆ ಸಹಿ ಹಾಕಿ.

ಶ್ರೀನಿವಾಸಪುರದ ಅನುಭವಸ್ಥ ರೈತ ತೋಟವನ್ನು ಗುತ್ತಿಗೆಗೆ ಕೊಡುವಾಗ ಹೂವಿನ ಚೆಲುವನ್ನಷ್ಟೇ ನೋಡುವುದಿಲ್ಲ, ಆಕಾಶವನ್ನೂ ನೋಡುತ್ತಾನೆ. ಆಟಕ್ಕೆ ಇಳಿಯುವ ನೀವೂ ಹಾಗೆಯೇ ನೋಡಿ.